ತಪ್ಪೊಪ್ಪದ ಮನೆಅಳಿಯ

ಪ್ರತಿ ಮಂಗಳವಾರ ಜೈಲಿನ ಅಂಗಳದಲ್ಲಿ ನಾಟಕ ನಡೆಯುತ್ತಿತ್ತು. ನಾಟಕವೆಂದರೆ ಬಣ್ಣ ಬಳಿದುಕೊಂಡು ಕುಣಿಯುವುದಲ್ಲ. ಎರಡು ದಿನ ಬಿಟ್ಟು ಕೋರ್ಟಿಗೆ ಹೋಗಬೇಕಾದವರು ಅಲ್ಲಿ ಹೇಗೆ ನಿಲ್ಲಬೇಕು, ಏನು ಮಾತಾಡಬೇಕು ಎಂದು ಇಲ್ಲೇ ಒಮ್ಮೆ ಆಡಿ ನೋಡುವುದು. ಆಡಿಸುವವಳು ಡೋರಿಕಾ. ಅವಳು ವಕೀಲೆಯಲ್ಲ. ಬ್ಲಾಂಟೈರ್ ನಗರದ ಒಂದು ಸಂಸ್ಥೆಯವರು ಆರು ತಿಂಗಳು ಕಾನೂನು ಕಲಿಸಿ, ಹಳದಿ ಅಂಗಿಯೊಂದನ್ನು ಹಾಕಿಸಿ, ಜೈಲು, ಠಾಣೆ, ಕೋರ್ಟು ಈ ಮೂರರ ನಡುವೆ ಓಡಾಡಲು ಬಿಟ್ಟ ಹೆಂಗಸು. ಜೈಲಿನೊಳಗೆ ಅವಳು ಎಷ್ಟು ಬೇಕಾದರೂ ಮಾತಾಡಬಹುದು. ಕೋರ್ಟಿನಲ್ಲಿ ಮಾತ್ರ ತುಟಿ ಪಿಟಕ್ಕೆನ್ನದೆ ಹಿಂದಿನ ಬೆಂಚಿನಲ್ಲಿ ಕೂತಿರಬೇಕು. ವಕೀಲರನ್ನಿಟ್ಟುಕೊಳ್ಳುವ ಶಕ್ತಿಯಿಲ್ಲದವರು ಅಲ್ಲಿ ತಮ್ಮ ಮಾತನ್ನು ತಾವೇ ಆಡಬೇಕು, ಅದಕ್ಕೇ ಈ ತಾಲೀಮು. ಒಂಬತ್ತು ವರ್ಷದಿಂದ ಅವಳು ಇದನ್ನೇ ಮಾಡಿಸುತ್ತಿದ್ದಳು.

ಮ್ಯಾಜಿಸ್ಟ್ರೇಟನ ಪಾತ್ರ ಯಾವಾಗಲೂ ಮಟೆಯೊ ಅಜ್ಜನದು. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ಹೆಗಲ ಮೇಲೆ ಕಂಬಳಿ ಎಳೆದುಕೊಂಡು, ಗಾಜಿಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವನು ನೋಡಿದನೆಂದರೆ ಹೊಸದಾಗಿ ಒಳಗೆ ಬಂದವರು ನಿಜವಾದ ಮ್ಯಾಜಿಸ್ಟ್ರೇಟನೆಂದೇ ಕೈಮುಗಿಯುತ್ತಿದ್ದರು. ಆರು ವರ್ಷದಿಂದ ಅವನೂ ವಿಚಾರಣೆಗೆ ಕಾಯುತ್ತಿದ್ದವನೇ. ಅವನ ಕಡತ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಡೋರಿಕಾ ನಾಲ್ಕು ಕಚೇರಿ ಅಲೆದು ಹುಡುಕಿ ಸೋತಿದ್ದಳು. ಹೀಗಾಗಿ, ಊರಿನ ಯಾವ ಮ್ಯಾಜಿಸ್ಟ್ರೇಟನಿಗಿಂತಲೂ ಹೆಚ್ಚು ಮಂದಿಯ ವಿಚಾರಣೆ ನಡೆಸಿದ ಮುದುಕನಿಗೆ ತನ್ನ ವಿಚಾರಣೆಯ ತಾರೀಖು ಮಾತ್ರ ಬಂದಿರಲಿಲ್ಲ.

ಆ ಮಂಗಳವಾರ ಬಕೆಟ್ಟಿನ ಮುಂದೆ ಬಂದು ನಿಂತವನು ಸಿನೋಸಿ. ನಿಂತ ಎನ್ನುವುದಕ್ಕಿಲ್ಲ. ಹೆಸರು ಕರೆದದ್ದೇ ತಡ, ಎರಡೂ ಮೊಣಕಾಲೂರಿ, ಅಂಗೈ ಬೋಗುಣಿ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟುತ್ತ, “ತಪ್ಪಾಯ್ತು ಸ್ವಾಮಿ, ಹೊಟ್ಟೆಗೆ ಹಾಕ್ಕೊಳ್ಳಿ” ಎಂದುಬಿಟ್ಟ. ಯಾವ ತಪ್ಪು ಎಂದು ಅಜ್ಜ ಇನ್ನೂ ಓದಿಯೇ ಇರಲಿಲ್ಲ. ಸಾಲಾಗಿ ಕೂತಿದ್ದ ನೂರಿಪ್ಪತ್ತು ಜನ ಗೊಳ್ಳೆಂದು ನಕ್ಕರು. ಸಿನೋಸಿಯೂ ನಕ್ಕ, ಯಾಕೆ ನಗುತ್ತಿದ್ದಾರೆಂದು ತಿಳಿಯದೆ.

ಡೋರಿಕಾ ನಗಲಿಲ್ಲ. ಅವಳಿಗೆ ಸಿಟ್ಟು ಬಂತು. ಸಿನೋಸಿಯ ಮೇಲಲ್ಲ, ಆ ಮೊಣಕಾಲುಗಳ ಮೇಲೆ. ಊರ ಮುಖ್ಯಸ್ಥನ ಅಂಗಳದಲ್ಲಾಗಲಿ, ಹೆಂಡತಿಯ ಸೋದರಮಾವನ ಮುಂದಾಗಲಿ, ಮೊದಲು ತಪ್ಪಾಯ್ತು ಎಂದು ಆಮೇಲೆ ಮಾತು ಶುರುಮಾಡುವುದು ನಮ್ಮ ಕಡೆಯ ಮರ್ಯಾದೆ. ಅಲ್ಲಿ ಅದನ್ನು ಯಾರೂ ತಪ್ಪೊಪ್ಪಿಗೆ ಎಂದುಕೊಳ್ಳುವುದಿಲ್ಲ, ಬಾಗಿಲು ತಟ್ಟಿದ ಹಾಗೆ ಅಷ್ಟೆ. ಕೋರ್ಟಿನಲ್ಲಿ ಗುಮಾಸ್ತ ಅದನ್ನೇ ಬರೆದುಕೊಂಡು ಕೆಳಗೆ ಗೆರೆ ಎಳೆಯುತ್ತಾನೆ. ಹಾಗೆ ಗೆರೆ ಎಳೆಸಿಕೊಂಡವರನ್ನು ಅವಳು ಒಂಬತ್ತು ವರ್ಷದಲ್ಲಿ ಎಷ್ಟು ಮಂದಿ ನೋಡಿದ್ದಳೋ.

ಸಿನೋಸಿ ಮಾಡಿದ್ದಾದರೂ ಏನು? ಅವನ ಹೆಂಡತಿ ಎನೆಲೆಸ್‌ಗೆ ಹೊಟ್ಟೆಯಲ್ಲಿ ಬಾವಾಗಿ ಜಿಲ್ಲಾಸ್ಪತ್ರೆಯಲ್ಲಿ ಕೊಯ್ದಿದ್ದರು. ಆಸ್ಪತ್ರೆಯಲ್ಲಿ ಮದ್ದು ಕೊಡುತ್ತಾರೆ, ಹೊಟ್ಟೆಗೆ ನೋಡಿಕೊಳ್ಳುವುದು ಮನೆಯವರ ಕೆಲಸ. ಆಸ್ಪತ್ರೆಯ ಹಿತ್ತಲಿನ ಚಪ್ಪರದಡಿ ಮೂರು ಕಲ್ಲು ಹೂಡಿ, ಗಂಜಿ ಕಾಯಿಸಿ, ಮುದ್ದೆ ತೊಳಸಿ ಒಳಗೆ ಒಯ್ಯಬೇಕು. ಸಾಮಾನ್ಯವಾಗಿ ಅಕ್ಕತಂಗಿಯರು ಬರುತ್ತಾರೆ. ಎನೆಲೆಸ್‌ಳ ತಂಗಿ ಹಸಿಬಾಣಂತಿಯಾದ್ದರಿಂದ ಗಂಡನೇ ಬಂದಿದ್ದ. ಚಪ್ಪರದಡಿ ಮಲಗುವವರೆಲ್ಲ ಹೆಂಗಸರು, ಅವರ ನಡುವೆ ಇವನು ಹೇಗೆ ಮಲಗಿಯಾನು? ಎದುರಿನ ಜೋಳದಂಗಡಿಯ ಜಗಲಿಯ ಮೇಲೆ ಮಲಗುತ್ತಿದ್ದ. ಶನಿವಾರ ಬೆಳಗಿನ ಜಾವ ಪೊಲೀಸರು ಪೇಟೆ ಗುಡಿಸಿದರು. ಗುಡಿಸುವುದು ಎಂಬ ಮಾತು ಅವರದೇ, ನಾನು ಹುಟ್ಟಿಸಿದ್ದಲ್ಲ. ಜಗಲಿ, ಬಸ್ ನಿಲ್ದಾಣ, ಮಾರುಕಟ್ಟೆಯ ಸಂದಿಗಳಲ್ಲಿ ಸಿಕ್ಕವರನ್ನೆಲ್ಲ ಲಾರಿಗೆ ತುಂಬಿದರು. ಇಲ್ಲೇಕೆ ಮಲಗಿದ್ದೀಯೆಂದು ಕೇಳಿದಾಗ ಸಿನೋಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಚೀಟಿ ತೋರಿಸು ಎಂದರು. ಹೆಂಡತಿಗೆ ಗಂಜಿ ಕಾಯಿಸುವವನಿಗೆ ಯಾವ ಆಸ್ಪತ್ರೆ ಚೀಟಿ ಕೊಡುತ್ತದೆ? ಅವನ ಹತ್ತಿರ ಇದ್ದದ್ದು ಒಂದು ಪಾತ್ರೆ, ಮುದ್ದೆ ತೊಳಸುವ ಒಂದು ಕೋಲು. ಆರೋಪಪಟ್ಟಿಯಲ್ಲಿ ಆ ಕೋಲು, ಬೀಗ ಒಡೆಯಲು ಬಳಸಬಹುದಾದ ದೊಣ್ಣೆ ಎಂದಾಗಿತ್ತು. ಕಸುಬಿಲ್ಲದೆ, ನೆಲೆಯಿಲ್ಲದೆ, ತಕ್ಕ ಕಾರಣ ಹೇಳಲಾರದೆ ಅಲೆಯುತ್ತಿದ್ದ ಅಲೆಮಾರಿ ಎಂದು ಅವನ ಮೇಲಿನ ಆಪಾದನೆ. ಇಂಗ್ಲಿಷರು ಬರೆದಿಟ್ಟು ಹೋದ ಕಾಯಿದೆ ಅದು. ಅಂಥದೊಂದು ಕಲಮನ್ನು ದೊಡ್ಡ ಕೋರ್ಟು ಹೊಡೆದುಹಾಕಿದಾಗ ಡೋರಿಕಾಳ ಸಂಸ್ಥೆಯವರು ಸಿಹಿ ಹಂಚಿದ್ದರು. ಪೊಲೀಸರು ತಲೆ ಕೆಡಿಸಿಕೊಳ್ಳದೆ ಪಕ್ಕದ ಕಲಮಿಗೆ ಸರಿದು ಕೂತರು.

ಬ್ಲಾಂಟೈರಿನ ಕಚೇರಿಯಲ್ಲಿ ಲುಸುಂಗು ಎಂಬ ವಕೀಲೆಯಿದ್ದಳು. ಚಿಕ್ಕ ವಯಸ್ಸು, ಚುರುಕು ಬುದ್ಧಿ, ಒಳ್ಳೆಯ ಹುಡುಗಿ. ಆ ಪಕ್ಕದ ಕಲಮನ್ನೂ ದೊಡ್ಡ ಕೋರ್ಟಿಗೆ ಎಳೆಯಬೇಕೆಂದು ಅವಳಿಗೆ ಹಟ. ಅದಕ್ಕೊಬ್ಬ ಮನುಷ್ಯ ಬೇಕಿತ್ತು. ಕುಡುಕನಾಗಿರಬಾರದು, ಹಿಂದೆ ಜೈಲು ಕಂಡಿರಬಾರದು, ಅಲ್ಲಿದ್ದದ್ದಕ್ಕೆ ಯಾರೂ ಅಲ್ಲಗಳೆಯಲಾರದ ಕಾರಣವಿರಬೇಕು. ಮೂರು ವರ್ಷದಿಂದ ಹುಡುಕಿದರೂ ಅಂಥವನು ಸಿಕ್ಕಿರಲಿಲ್ಲ, ಸಿಕ್ಕವರೆಲ್ಲ ಕೋರ್ಟಿನಲ್ಲಿ ತಪ್ಪಾಯ್ತು ಎಂದು ಹೇಳಿ ಕೈಕೊಟ್ಟಿದ್ದರು. ಸೋಮವಾರ ಫೋನಿನಲ್ಲಿ ಸಿನೋಸಿಯ ಕತೆ ಕೇಳಿ ಅವಳು, “ಡೋರಿಕಾ ಅಕ್ಕ, ಈ ಮನುಷ್ಯ ಮಾತ್ರ ಒಪ್ಕೋಬಾರ್ದು. ಅದೊಂದು ನೀವು ನೋಡ್ಕೊಳ್ಳಿ, ಮಿಕ್ಕಿದ್ದು ನನಗೆ ಬಿಡಿ” ಎಂದಿದ್ದಳು.

ಡೋರಿಕಾ ನೋಡಿಕೊಂಡಳು. ಸಿನೋಸಿಯ ರಟ್ಟೆ ಹಿಡಿದು ಎಬ್ಬಿಸಿ ನಿಲ್ಲಿಸಿದಳು. ಎರಡನೆಯ ಸಲ ಅವನು ನಿಂತೇನೋ ನಿಂತ, ತಲೆ ಮಾತ್ರ ನೆಲಕ್ಕೆ. ಮೂರನೆಯ ಸಲ ತಲೆ ಎತ್ತಿದ, ಮಾತು ಗಂಟಲಲ್ಲೇ ಉಳಿಯಿತು. ಐದನೆಯ ಸಲ ಏನಾಯಿತೋ, ಬೆನ್ನು ನೆಟ್ಟಗಾಯಿತು. “ನಾನು ತಪ್ಪು ಮಾಡಿಲ್ಲ ಸ್ವಾಮಿ. ನನ್ನ ಹೆಂಡ್ತಿಗೆ ಅಡುಗೆ ಮಾಡಿ ಹಾಕೋಕೆ ಬಂದಿದ್ದೆ. ಅವಳು ಒಂಬತ್ತನೇ ಮಂಚದಲ್ಲಿ ಮಲಗಿದಾಳೆ, ಬೇಕಾದ್ರೆ ಹೋಗಿ ಕೇಳಿ” ಎಂದ. ಅಂಗಳದ ನೂರಿಪ್ಪತ್ತು ಜನ ಚಪ್ಪಾಳೆ ಹೊಡೆದು ಹಾಡು ಎತ್ತಿದರು. ಮೂವತ್ತೈದು ವರ್ಷದ ಗಂಡಸು ಮೊದಲ ಸಲ ಬಹುಮಾನ ಸಿಕ್ಕ ಮಗುವಿನ ಹಾಗೆ ಸುತ್ತ ನೋಡಿದ. ಡೋರಿಕಾಗೆ ಕಣ್ಣು ತುಂಬಿ ಬಂತು. ಈ ಕೆಲಸ ಯಾಕೆ ಮಾಡುತ್ತೀಯೆಂದು ಯಾರಾದರೂ ಕೇಳಿದರೆ ಇದಕ್ಕೇ ಎಂದು ತೋರಿಸಬಹುದೆನಿಸಿತು.

ನಾಟಕ ಮುಗಿದ ಮೇಲೆ ಮಟೆಯೊ ಅಜ್ಜ ಕಂಬಳಿ ಮಡಿಸುತ್ತ ಅವಳನ್ನು ಹತ್ತಿರ ಕರೆದ.

“ಅವನನ್ನ ಮೊಣಕಾಲೂರೋಕೆ ಬಿಡು ಮಗಳೇ.”

“ಯಾಕಜ್ಜ? ತಪ್ಪು ಮಾಡಿಲ್ಲ ಅವರು.”

“ನಾನೆಲ್ಲಿ ಮಾಡಿದಾನೆ ಅಂದೆ? ಒಪ್ಕೊಂಡೋನಿಗೆ ಈ ಮ್ಯಾಜಿಸ್ಟ್ರೇಟು ನಾಲ್ಕು ಬೈದು ಊರಿಗೆ ಓಡಿಸ್ತಾನೆ. ಒಪ್ಪದೋನಿಗೆ ತಾರೀಖು ಕೊಡ್ತಾನೆ. ತಾರೀಖು ಅಂದ್ರೇನು ಅಂತ ನನ್ನ ಕೇಳು. ಅವನ ಹೆಂಡ್ತಿ ಅಲ್ಲಿ ಹಸ್ಕೊಂಡಿದಾಳೆ.”

ಡೋರಿಕಾಗೆ ರೇಗಿತು. ಎಲ್ಲರೂ ಹೀಗೇ ಎಂದುಕೊಂಡರೆ ಇನ್ನು ನೂರು ವರ್ಷ ಕಳೆದರೂ ಪೇಟೆ ಗುಡಿಸುವುದು ನಿಲ್ಲುವುದಿಲ್ಲ ಎಂದಳು. ಅಜ್ಜ ಮಡಿಸಿದ ಕಂಬಳಿಯನ್ನು ಕಂಕುಳಿಗೆ ಸೇರಿಸಿ ಹೊರಟ. ಅವನು ಹೇಳಿದ್ದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಒಪ್ಪದಿದ್ದರೆ ಎರಡು ವಾರವಾದರೂ ಒಳಗಿರಬೇಕಾಗುತ್ತದೆಂಬ ಮಾತನ್ನು ಅವಳು ಸಿನೋಸಿಗೆ ಹೇಳಿದ್ದಳು, ಹೇಳಲಿಲ್ಲವೆಂದಲ್ಲ. ಅದೊಂದನ್ನು ಮಾತ್ರ ಬೇಗ ಬೇಗ, ಹತ್ತು ಮಾತಿನ ನಡುವೆ ತೇಲಿಸಿ ಹೇಳಿದ್ದಳು.

ಗುರುವಾರ ಕೋರ್ಟಿನಲ್ಲಿ ಗುಡಿಸಿ ತಂದವರು ಆರು ಜನ ಇದ್ದರು. ಮೊದಲಿನ ಐದೂ ಮಂದಿ ತಪ್ಪಾಯ್ತು ಎಂದರು. ಒಬ್ಬ ಬಸ್ ನಿಲ್ದಾಣದಲ್ಲಿ ಕರಿದ ಹಿಟ್ಟಿನುಂಡೆ ಮಾರುವವನು, ಇಬ್ಬರು ಸಾಮಾನು ಹೊರುವವರು, ಒಬ್ಬ ಬುದ್ಧಿ ಸ್ಥಿಮಿತವಿಲ್ಲದವನು, ಇನ್ನೊಬ್ಬ ನಿಜಕ್ಕೂ ಕುಡಿದು ಬಿದ್ದಿದ್ದವನು. ಮ್ಯಾಜಿಸ್ಟ್ರೇಟು ಐವರಿಗೂ ಸೇರಿಸಿ ಒಂದೇ ಬೈಗುಳ ಬೈದು, ಹಳ್ಳಿಗೆ ಹೋಗಿ ಗುದ್ದಲಿ ಹಿಡಿಯಿರಿ ಎಂದು ಬಿಟ್ಟುಬಿಟ್ಟ. ಆರನೆಯವನು ಸಿನೋಸಿ. ಅವನು ನೆಟ್ಟಗೆ ನಿಂತು, ಕಲಿತದ್ದನ್ನು ಒಂದಕ್ಷರ ತಪ್ಪದೆ ಹೇಳಿದ. ಮ್ಯಾಜಿಸ್ಟ್ರೇಟು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದ. ಕೆಟ್ಟ ಮನುಷ್ಯನೇನಲ್ಲ. ಒಪ್ಪುವುದಿಲ್ಲವೆಂದ ಮೇಲೆ ಸಾಕ್ಷಿ ಬೇಕಲ್ಲ ಎಂದು ಪೊಲೀಸರ ಕಡೆಯವನನ್ನು ಕೇಳಿದ. ಅವನು ಸಾಕ್ಷಿ ತರಲು ಸಮಯ ಬೇಡಿದ. ಎರಡು ವಾರ. ಜಾಮೀನಿಗೆ ಪೇಟೆಯೊಳಗೆ ಮನೆಯಿರುವ ಯಾರಾದರೂ ಇದ್ದಾರೆಯೇ ಎಂದು ಮ್ಯಾಜಿಸ್ಟ್ರೇಟು ಕೇಳಿದ. ಸಿನೋಸಿ ಹಿಂದಿನ ಬೆಂಚಿನ ಕಡೆ ತಿರುಗಿದ. ಅಲ್ಲಿ ಕೂತಿದ್ದ ಡೋರಿಕಾಳ ಮನೆ ಕೋರ್ಟಿನಿಂದ ಕೂಗಳತೆಯಲ್ಲಿತ್ತು. ಸಂಸ್ಥೆಯ ಯಾರೂ ಯಾರಿಗೂ ಜಾಮೀನು ನಿಲ್ಲಕೂಡದೆಂದು ಸಂಸ್ಥೆಯ ನಿಯಮ. ಒಬ್ಬರಿಗೆ ನಿಂತರೆ ಸಾವಿರ ಜನಕ್ಕೆ ನಿಲ್ಲಬೇಕಾಗುತ್ತದೆ, ನಿಯಮ ಸರಿಯಾದದ್ದೇ. ಅವಳು ಮಡಿಲಲ್ಲಿದ್ದ ಪುಸ್ತಕ ನೋಡಿದಳು.

ಹೊರಗೆ ಲಾರಿ ಹತ್ತುವಾಗ ಸಿನೋಸಿ, “ಸರಿಯಾಗಿ ಹೇಳಿದ್ನಾ ಅಕ್ಕ?” ಎಂದು ಕೇಳಿದ. ಬಹಳ ಚೆನ್ನಾಗಿ ಹೇಳಿದಿರಿ ಎಂದಳು. ಊರಿಗೆ ಫೋನ್ ಮಾಡಿ ಬೇರೆ ಯಾರನ್ನಾದರೂ ಆಸ್ಪತ್ರೆಗೆ ಕರೆಸುತ್ತೇನೆಂದಾಗ ಮಾತ್ರ ಅವನ ಮುಖ ಬೂದಿಯಾಯಿತು. ಅವನ ಊರ ಕಡೆ ಗಂಡಸರೆಲ್ಲ ಮನೆಅಳಿಯಂದಿರೇ. ಹೆಂಡತಿಯ ಊರು, ಹೆಂಡತಿಯ ನೆಲ, ಹೆಂಡತಿಯ ಸೋದರಮಾವನ ಮಾತೇ ಮಾತು. ಜೈಲಿಗೆ ಹೋದ ಅಳಿಯ ಎಂದು ಒಮ್ಮೆ ಊರಲ್ಲಿ ಸುದ್ದಿಯಾದರೆ ಮತ್ತೆ ಆ ಅಂಗಳದಲ್ಲಿ ಗಂಡಸಾಗಿ ಕೂರುವುದು ಹೇಗೆ? “ಎರಡೇ ವಾರ ಅಲ್ವಾ ಅಕ್ಕ? ಮಾವನಿಗೆ ಗೊತ್ತಾಗೋದು ಬೇಡ. ನೀವೇ ಒಂಚೂರು ಅವಳನ್ನ ನೋಡ್ಕೊಳ್ಳಿ” ಎಂದು ಗೋಗರೆದ. ಡೋರಿಕಾ ಒಪ್ಪಿಕೊಂಡಳು.

ಸಂಜೆ ಲುಸುಂಗು ಫೋನಿನಲ್ಲಿ ಕುಣಿದಾಡಿದಳು. ಡೋರಿಕಾಗೂ ಹಿಗ್ಗು ಇತ್ತು, ಇರಲಿಲ್ಲವೆಂದರೆ ಸುಳ್ಳು.

ಮರುದಿನದಿಂದ ಅವಳು ಕೆಲಸಕ್ಕೆ ಮೊದಲು ಆಸ್ಪತ್ರೆಗೆ ಹೋಗತೊಡಗಿದಳು. ಎನೆಲೆಸ್ ಬಡಕಲು ಹೆಂಗಸು, ಮಾತು ಮಾತ್ರ ಮೊನಚು. ಐದಾರು ದಿನ ಪಕ್ಕದ ಮಂಚದವಳ ಅಕ್ಕ ತಮ್ಮ ಗಂಜಿಯಲ್ಲೇ ಎರಡು ಸೌಟು ಕೊಟ್ಟಿದ್ದಳಂತೆ. ನಿಮ್ಮ ಗಂಡ ಒಂದು ಕೆಲಸದ ಮೇಲೆ ಹೋಗಿದ್ದಾರೆ, ಬರುತ್ತಾರೆ ಎಂದು ಡೋರಿಕಾ ಹೇಳಿದಾಗ ಎನೆಲೆಸ್ ಅವಳ ಹಳದಿ ಅಂಗಿಯನ್ನು ನೋಡಿ, “ಪೊಲೀಸ್ರು ಹಿಡಿದಿದಾರೆ ಅಂತ ಚಪ್ಪರದೋರೆಲ್ಲ ಹೇಳಿದ್ರು. ನಿಮ್ಮ ಸುಳ್ಳಿಗೆ ಉಪ್ಪೂ ಇಲ್ಲ ಹುಳಿಯೂ ಇಲ್ಲ” ಎಂದಳು. ಯಾವಾಗ ಬಿಡುತ್ತಾರೆಂದು ಕೇಳಿದಳು. ಬರುವ ಗುರುವಾರ ಬಿಟ್ಟು ಅದರ ಮುಂದಿನ ಗುರುವಾರ ಎಂದಾಗ ಗೋಡೆಯ ಕಡೆ ಹೊರಳಿದಳು. ತನ್ನ ಮಾವನಿಗೆ ಹೇಳಬೇಡಿ ಎಂದು ಅವಳೂ ಕೇಳಿಕೊಂಡಳು. ಗಂಡನ ಮರ್ಯಾದೆ ಅವಳಿಗೂ ಬೇಕಿತ್ತು.

ಡೋರಿಕಾ ದಿನವೂ ಗಂಜಿ ಕಾಯಿಸಿ ಕುಡಿಸಿದಳು. ಬೆಳಗ್ಗೆ ಒಂದು ಹೊತ್ತು ಅಷ್ಟೆ. ಸಂಜೆ ಠಾಣೆ, ಕಚೇರಿ, ವರದಿ. ಗಂಡನಾಗಿದ್ದರೆ ಮೂರು ಹೊತ್ತೂ ಕೂತಿರುತ್ತಿದ್ದ, ಹೊಲಿಗೆಯಲ್ಲಿ ಕೀವು ಕಂಡ ದಿನವೇ ದಾದಿಯನ್ನು ಕೂಗಿ ತರುತ್ತಿದ್ದ. ಇದನ್ನೆಲ್ಲ ಡೋರಿಕಾ ಆಮೇಲೆ ಯೋಚಿಸಿದ್ದು. ಮುಂದಿನ ವಾರದ ಶುಕ್ರವಾರ ಬೆಳಗ್ಗೆ ಅವಳು ಗಂಜಿ ತಂದಾಗ ಎನೆಲೆಸ್‌ಗೆ ಜ್ವರ ನೆತ್ತಿಗೇರಿತ್ತು, ಅವಳನ್ನು ಗುರುತಿಸಲಿಲ್ಲ. ಶನಿವಾರ ಬೆಳಗ್ಗೆ ಒಂಬತ್ತನೆಯ ಮಂಚ ಖಾಲಿಯಿತ್ತು. ಮೊದಲೇ ಗೊತ್ತಾಗಿದ್ದರೆ ಉಳಿಸಬಹುದಿತ್ತೇ ಎಂದು ದಾದಿಯನ್ನು ಕೇಳಿದಳು. ಹೇಳೋಕಾಗಲ್ಲ ಎಂದು ದಾದಿ ಹಾಸಿಗೆ ಸುತ್ತತೊಡಗಿದಳು.

ಡೋರಿಕಾ ಆಗ ಊರಿಗೆ ಫೋನ್ ಮಾಡಿದಳು. ಎನೆಲೆಸ್‌ಳ ಸೋದರಮಾವ ಚಿಲೊಂಬೊ ಪೂರ್ತಿ ಕೇಳಿಕೊಂಡು, ಅಳಿಯ ಎಲ್ಲಿ ಎಂದ. ಜೈಲಿನಲ್ಲಿ ಎಂದಳು. ಅವನು, ಹೆಣ ತೆಗೆದುಕೊಂಡು ಹೋಗುತ್ತೇವೆ, ಅಳಿಯ ಬರುವ ತನಕ ಕಾಯುತ್ತೇವೆ, ಅವನು ಮಣ್ಣು ಹಾಕದೆ ನಾವು ಹಾಕುವ ಹಾಗಿಲ್ಲ ಎಂದು ಹೇಳಿ ಇಟ್ಟ.

ಅವಳು ಜೈಲಿಗೆ ಓಡಿದಳು. ಜೈಲಿನ ಅಧಿಕಾರಿ ಕುರ್ಚಿ ಕೊಟ್ಟು, ಮರುಗಿ, ಮ್ಯಾಜಿಸ್ಟ್ರೇಟರ ಕಾಗದ ತಂದರೆ ಈಗಲೇ ಇಬ್ಬರು ಪೇದೆಗಳ ಜೊತೆ ಕಳಿಸುತ್ತೇನೆ ಎಂದ. ಮ್ಯಾಜಿಸ್ಟ್ರೇಟು ಊರಲ್ಲಿರಲಿಲ್ಲ. ಸರೋವರದ ದಂಡೆಯ ಹೋಟೆಲಿನಲ್ಲಿ ಮೂರು ದಿನದ ಶಿಬಿರಕ್ಕೆ ಹೋಗಿದ್ದ. ಜೈಲುಗಳಲ್ಲಿ ಜನದಟ್ಟಣೆ ಕಡಿಮೆ ಮಾಡುವುದು ಹೇಗೆ ಎಂಬುದು ಶಿಬಿರದ ವಿಷಯ. ಅದಕ್ಕೆ ಜನ ಸೇರಿಸಿದ್ದು ಡೋರಿಕಾಳ ಸಂಸ್ಥೆಯವರೇ. ಮ್ಯಾಜಿಸ್ಟ್ರೇಟನ ಫೋನು ಬಂದ್ ಆಗಿತ್ತು. ಅಲ್ಲೇ ಇದ್ದ ಲುಸುಂಗು ಅವನನ್ನು ಹುಡುಕಿ ಹಿಡಿದಾಗ, ಪೊಲೀಸರ ಕಡೆಯ ಮಾತು ಕೇಳದೆ, ಕಡತ ನೋಡದೆ, ಹೋಟೆಲಿನ ಊಟದ ಮೇಜಿನ ಮೇಲೆ ಆಜ್ಞೆ ಬರೆಯುವುದು ಹೇಗೆ, ಸೋಮವಾರ ಬರುತ್ತೇನಲ್ಲ ಎಂದನಂತೆ.

ಸಾವಿನ ಸುದ್ದಿಯನ್ನು ಹೆಂಗಸು ಗಂಡಸಿಗೆ ನೇರ ಹೇಳುವುದು ನಮ್ಮಲ್ಲಿಲ್ಲ, ಹಿರಿಯರೊಬ್ಬರು ಕೂರಿಸಿ ಹೇಳಬೇಕು. ಡೋರಿಕಾ ಮಟೆಯೊ ಅಜ್ಜನನ್ನು ಕರೆಸಿದಳು. ಮುದುಕ ಸಿನೋಸಿಯನ್ನು ಗೋಡೆಯ ನೆರಳಿಗೆ ಕರೆದೊಯ್ದು, ಮಳೆ, ಬೆಳೆ, ಮಕ್ಕಳು ಎಂದು ಬಹಳ ಸುತ್ತು ಹಾಕಿ, ಕಡೆಗೆ ಅವನ ಮೊಣಕಾಲ ಮೇಲೆ ಕೈಯಿಟ್ಟ. ಸಿನೋಸಿ ಅಳಲಿಲ್ಲ. ನನಗಾಗಿ ಕಾಯುತ್ತಾರಾ ಎಂದು ಮಾತ್ರ ಕೇಳಿದನಂತೆ. ಅವಳು ಬಾಗಿಲ ಬಳಿಯೇ ನಿಂತಿದ್ದಳು, ಒಳಗೆ ಹೋಗುವ ಮುಖ ಅವಳಿಗಿರಲಿಲ್ಲ.

ಊರಿನವರು ಶನಿವಾರ ಕಾದರು, ಭಾನುವಾರ ಕಾದರು. ತೆರೆದಿಟ್ಟ ಗುಂಡಿಯ ಮೇಲೆ ಕೊಂಬೆ ಮುಚ್ಚಿ ಪಾಳಿಯ ಮೇಲೆ ಕಾವಲಿದ್ದರು. ಬಿಸಿಲು ಜೋರಿತ್ತು. ಭಾನುವಾರ ಸಂಜೆ, ಇನ್ನು ಕಾಯಲಾಗದೆ, ಮಣ್ಣು ಮಾಡಿದರು.

ಗುರುವಾರ ಕೋರ್ಟಿನಲ್ಲಿ ಸಾಕ್ಷಿಗಳು ಬರಲಿಲ್ಲ. ಹಿಡಿದ ಪೇದೆಗೆ ಬೇರೆ ಊರಿಗೆ ವರ್ಗವಾಗಿತ್ತು. ಮ್ಯಾಜಿಸ್ಟ್ರೇಟು ಎರಡು ನಿಮಿಷದಲ್ಲಿ ಪ್ರಕರಣ ವಜಾ ಮಾಡಿದ. ನಿಮ್ಮ ಹೆಂಡತಿಯ ವಿಷಯ ತಿಳಿಯಿತು, ದೇವರು ಸಮಾಧಾನ ಕೊಡಲಿ ಎಂದೂ ಹೇಳಿದ. ಲುಸುಂಗುಗೆ ಫೋನ್ ಮಾಡಿದಾಗ ಅವಳು ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ, ತೀರ್ಪೇ ಇಲ್ಲದಿದ್ದ ಮೇಲೆ ದೊಡ್ಡ ಕೋರ್ಟಿನಲ್ಲಿ ಪ್ರಶ್ನಿಸುವುದು ಯಾವುದನ್ನು, ಈ ಕೇಸು ಇಲ್ಲಿಗೆ ಮುಗಿಯಿತು, ಇನ್ನೊಬ್ಬರನ್ನು ನೋಡಬೇಕು ಎಂದಳು. ಆ ತಿಂಗಳ ವರದಿಯಲ್ಲಿ ಸಿನೋಸಿಯನ್ನು ಬಿಡುಗಡೆಯಾದವರ ಸಾಲಿನಲ್ಲಿ ಬರೆದವಳು ಡೋರಿಕಾಳೇ.

ಊರಿಗೆ ಅವನೊಬ್ಬನನ್ನೇ ಕಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ನಡೆದದ್ದನ್ನು ತಾನೇ ಬಾಯಿಬಿಟ್ಟು ಹೇಳಿದರೆ ಚಿಲೊಂಬೊ ಅಳಿಯನನ್ನು ಒಳಗೆ ಬಿಟ್ಟುಕೊಂಡಾನು ಎಂದು ಅವಳ ಆಸೆ. ಹಳದಿ ಅಂಗಿ ಬಿಟ್ಟು, ಸೊಂಟಕ್ಕೆ ಚಿಟೆಂಜೆ ಪಂಚೆ ಸುತ್ತಿ, ತಲೆಗೆ ಬಟ್ಟೆ ಕಟ್ಟಿ ಹೊರಟಳು. ದಾರಿಯುದ್ದಕ್ಕೂ ಸಿನೋಸಿ ಇಬ್ಬರು ಹೆಣ್ಣುಮಕ್ಕಳ ಮಾತೇ ಆಡಿದ. ದೊಡ್ಡವಳಿಗೆ ಅವ್ವನ ನಾಲಗೆ ಬಂದಿದೆಯಂತೆ, ಚಿಕ್ಕವಳು ಅವನ ಬೆನ್ನಿನ ಮೇಲಲ್ಲದೆ ನಿದ್ದೆ ಮಾಡುವುದಿಲ್ಲವಂತೆ.

ಚಿಲೊಂಬೊ ಎತ್ತರದ ಮುದುಕ. ಮಾವಿನ ಮರದಡಿ ಚಾಪೆ ಹಾಸಿ ಕೂರಿಸಿದ. ಕೈತೊಳೆಯಲು ನೀರು ಬಂತು, ಬಿಸಿ ನ್ಸಿಮಾ ಮುದ್ದೆ, ತೊಗರಿಕಾಳಿನ ಸಾರು, ಸೊಪ್ಪು ಬಂತು. ಉಣ್ಣುವ ತನಕ ಯಾರೂ ವಿಷಯ ಎತ್ತಲಿಲ್ಲ. ಗುಡಿಸಲ ಸಂದಿಯಿಂದ ಚಿಕ್ಕ ಹುಡುಗಿ ಅಪ್ಪಾ ಎಂದು ಓಡಿ ಬರಹೋದಳು, ಎನೆಲೆಸ್‌ಳ ತಂಗಿ ಅವಳನ್ನು ಎತ್ತಿಕೊಂಡು ಹಿತ್ತಲಿಗೆ ನಡೆದಳು. ಸಿನೋಸಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದ.

ಊಟವಾದ ಮೇಲೆ ಡೋರಿಕಾ ಮುದುಕನ ಮುಂದೆ ಹೋಗಿ ಕುಳಿತಳು.

“ಯಜಮಾನ್ರೇ, ತಪ್ಪು ನಂದು. ಇವರ ಜೊತೆಗಿದ್ದ ಐದು ಜನಾನೂ ಮೊದಲನೇ ಗುರುವಾರಾನೇ ಬಿಟ್ರು. ಇವರನ್ನೂ ಬಿಡ್ತಿದ್ರು. ತಪ್ಪೊಪ್ಕೋಬೇಡಿ ಅಂತ ಹೇಳ್ಕೊಟ್ಟೋಳು ನಾನು.”

“ಅವನು ತಪ್ಪು ಮಾಡಿದ್ನಾ?”

“ಇಲ್ಲ.”

ಚಿಲೊಂಬೊ ಅವಳ ಕಡೆ ತಿರುಗಿದ. “ತಪ್ಪಾಯ್ತು ಅನ್ನೋದಕ್ಕೆ ತಪ್ಪು ಮಾಡಿರ್ಬೇಕು ಅಂತ ನಿಮಗೆ ಯಾರು ಹೇಳಿದ್ರು ತಾಯಿ? ದೊಡ್ಡೋರ ಮುಂದೆ ಒಂದು ಮಾತು ಅಂದು ಎದ್ದು ಬರೋದು. ಅವಳು ಅಲ್ಲಿ ಮಲಗಿದ್ಲು. ಅವನ ಕೈಗೆ ಕೊಟ್ಟು ಕಳ್ಸಿದ್ದೆ ನಾನು.”

ಡೋರಿಕಾ ತಲೆಯ ಬಟ್ಟೆಯನ್ನು ಬಿಗಿ ಮಾಡಿಕೊಂಡಳು.

“ಹೋಗ್ಲಿ, ನನಗೊಂದು ಫೋನ್ ಮಾಡೋಕೆ ಏನಾಗಿತ್ತು? ಹಸಿಬಾಣಂತೀನಾದ್ರೂ ಕಳಿಸ್ತಿದ್ದೆ. ನಾನೇ ಬಂದು ಗಂಜಿ ಕಾಯಿಸ್ತಿದ್ದೆ. ಒಂದು ಹೆಂಗಸು ಎರಡು ವಾರ ದಿಕ್ಕಿಲ್ಲದೋರ ಹಾಗೆ ಮಲಗಿದ್ಲಲ್ಲ, ನಾವೆಲ್ಲ ಇಷ್ಟು ಜನ ಇಲ್ಲಿ ಬದುಕಿದ್ದೂ.”

ಅವನ ದನಿ ಏರಲಿಲ್ಲ. ಏರಿದ್ದರೆ ಡೋರಿಕಾಗೆ ಹಗುರವಾಗುತ್ತಿತ್ತು. ಕಾನೂನು, ಕಲಮು, ದೊಡ್ಡ ಕೋರ್ಟು ಎಂದು ಅವಳು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಈ ಮರದಡಿ ಆಡುವಂತಿರಲಿಲ್ಲ. ಮುಂದೆ ಇನ್ಯಾರನ್ನೂ ಹೀಗೆ ಹಿಡಿಯದಂತಾಗಲೆಂದೇ ಹೀಗೆ ಮಾಡಿದೆ ಎಂದು ಹೇಳಬಹುದಿತ್ತು. ಅದು ಕೂಡ ನಿಜವೇ, ಆದರೆ ಎನೆಲೆಸ್‌ಳ ಮಾವನಿಗೆ ಅದನ್ನು ಹೇಳಲು ಅವಳಿಗೆ ನಾಚಿಕೆಯಾಯಿತು.

ಅಲ್ಲಿಯ ತನಕ ತಲೆ ಎತ್ತದಿದ್ದ ಸಿನೋಸಿ ಆಗ ಬಾಯಿ ಬಿಟ್ಟ. “ಅಕ್ಕ ಹೇಳಿದ್ದು ನಿಜಾನೇ ಮಾವ. ನಾನು ತಪ್ಪು ಮಾಡಿರ್ಲಿಲ್ಲ.”

“ಇರ್ಲಿ,” ಎಂದ ಚಿಲೊಂಬೊ. “ಎರಡು ದಿನ ಗುಂಡಿ ತೆರೆದಿಟ್ಕೊಂಡು ಕೂತಿದ್ವಿ. ಗಂಡ ಮಣ್ಣು ಹಾಕ್ದೆ ಹೋದೋಳು ಅಂತ ಈ ಊರು ಅವಳನ್ನ ನೆನೆಸ್ಕೊಳುತ್ತೆ. ನೀನು ಈ ಅಂಗಳದಲ್ಲಿ ಓಡಾಡ್ತಿದ್ರೆ ಅವಳನ್ನ ಹೆತ್ತ ನನ್ನ ಅಕ್ಕ ದಿನಾ ಅದನ್ನೇ ನೋಡ್ಬೇಕು. ಮುದುಕಿ ತಡ್ಕೊಳಲ್ಲ. ನನ್ನ ಕೈಲಾಗಲ್ಲಪ್ಪ.”

ಒಳಗಿನಿಂದ ಅವನ ಸಾಮಾನು ಬಂತು. ಒಂದು ಗುದ್ದಲಿ, ಒಂದು ಕಂಬಳಿ, ಒಂದು ಜೊತೆ ಬಟ್ಟೆ. ಮೊದಲೇ ಗಂಟು ಕಟ್ಟಿ ಇಟ್ಟಿದ್ದರು. ಮನೆಯ ಗೋಡೆ ಎತ್ತಿದ್ದು, ಹುಲ್ಲು ಹೊದೆಸಿದ್ದು ಸಿನೋಸಿಯೇ, ನೆಲ ಮಾತ್ರ ಎನೆಲೆಸ್‌ಳ ತಾಯಿಯ ಕಡೆಯದು. ಮಕ್ಕಳೂ ತಾಯಿಯ ಕಡೆಯವರೇ. ಅವನು ಇದಾವುದಕ್ಕೂ ತಕರಾರು ಎತ್ತಲಿಲ್ಲ. ಸಮಾಧಿಗೆ ಹೋಗಬಹುದೇ ಎಂದು ಕೇಳಿದ. ಚಿಲೊಂಬೊ ಜೊತೆಗೆ ಬಂದ. ಹೊಸ ಮಣ್ಣಿನ ಮುಂದೆ ಸಿನೋಸಿ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದ. ಒಂದು ಹಿಡಿ ಮಣ್ಣು ತೆಗೆದುಕೊಂಡ, ಈಗ ಹಾಕಿದರೆ ನಡೆಯುತ್ತದೋ ಇಲ್ಲವೋ ತಿಳಿಯದೆ ಮುದುಕನ ಮುಖ ನೋಡಿದ. ಮುದುಕ ಬೇರೆಡೆಗೆ ನೋಡುತ್ತಿದ್ದ. ಸಿನೋಸಿ ಮಣ್ಣನ್ನು ತೆಗೆದಲ್ಲೇ ಮೆಲ್ಲಗೆ ಬಿಟ್ಟ.

ಡಾಂಬರು ರಸ್ತೆಗೆ ಬಂದು ವ್ಯಾನಿಗಾಗಿ ಕಾಯುವಾಗ, ನಿಮ್ಮ ತಾಯಿಯ ಕಡೆ ಯಾರಿದ್ದಾರೆ ಎಂದು ಡೋರಿಕಾ ಕೇಳಿದಳು. ತಾಯಿ ಹೋಗಿ ಕಾಲವಾಗಿತ್ತು. ಒಬ್ಬಳೇ ತಂಗಿ ಗಡಿಯಾಚೆ ಮೊಜಾಂಬಿಕ್ಕಿಗೆ ಹೋದವಳ ಸುದ್ದಿಯಿರಲಿಲ್ಲ. ಪೇಟೆಗೇ ಬರುತ್ತೇನೆ, ಮಾರುಕಟ್ಟೆಯಲ್ಲಿ ಸಾಮಾನು ಹೊರುವ ಕೆಲಸ ಸಿಗಬಹುದು ಎಂದ. ಮಲಗುವುದೆಲ್ಲಿ ಎಂದು ಅವಳು ಕೇಳಲಿಲ್ಲ. ನಮ್ಮ ಮನೆಗೆ ಬನ್ನಿ ಎಂದೂ ಅನ್ನಲಿಲ್ಲ. ಗಂಡನಿಲ್ಲದ ಅವಳ ಒಂದೇ ಕೋಣೆಯ ಮನೆಗೆ ಹೊರಗಿನ ಗಂಡಸನ್ನು ಹೇಗೆ ಕರೆದಾಳು? ಇಡೀ ಪೊಲೀಸು ಪಡೆ ಸೇರಿ ಸುಳ್ಳುಸುಳ್ಳೇ ಬರೆದಿದ್ದ ಆ ಆರೋಪಪಟ್ಟಿಯಲ್ಲಿ ಈಗ ಕೋಲಿನದೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ನಿಜವಾಗಿತ್ತು.

ವ್ಯಾನು ದೂರದಲ್ಲಿ ಕಂಡಿತು. ಸಿನೋಸಿ ಗಂಟನ್ನು ಹೆಗಲಿಗೇರಿಸಿ, ಹೋಗುವ ಮುಂಚೆ ಕೇಳಿಬಿಡಬೇಕೆಂದು ಎಷ್ಟು ಹೊತ್ತಿನಿಂದ ಕಾದಿದ್ದನೋ, ಅವಳ ಕಡೆ ತಿರುಗಿದ.

“ಇನ್ನೊಂದ್ಸಲ ಹಿಡಿದ್ರೆ ಏನು ಹೇಳ್ಲಿ ಅಕ್ಕ?”

ಅವನ ಮುಖದಲ್ಲಿ ಕೊಂಕಿರಲಿಲ್ಲ. ಹೇಳಿಕೊಟ್ಟದ್ದನ್ನು ಚೆನ್ನಾಗಿ ಕಲಿಯುವ ಮನುಷ್ಯ ಅವನು. ಒಂಬತ್ತು ವರ್ಷದಲ್ಲಿ ಯಾರಿಗೂ, ಒಂದು ಸಲವೂ ಹೇಳಿಕೊಡದ ಮಾತನ್ನು ಅವಳು ಹೇಳಿದಳು.

“ತಪ್ಪಾಯ್ತು ಅನ್ನಿ. ಬೇಗ ಬಿಡ್ತಾರೆ.”

“ಮೊಣಕಾಲು?”

“ಅದನ್ನೂ ಊರಿ.”

ಅವನು ಸರಿಯೆಂದು ತಲೆಯಾಡಿಸಿ ಕೈಯೆತ್ತಿ ವ್ಯಾನನ್ನು ನಿಲ್ಲಿಸಿದ.